ಪೆಡಲ್ ಆಂಧ್ರಕ್ಕೆ, ಪಾನಾ ಮೈಸೂರಿಗೆ

ನಿಮ್ಮ ನೌಕರಿ ಏನಾಗಿತ್ತು ಎಂದು ಯಾರಾದರೂ ಕೇಳಿದರೆ, ಎಣ್ಣೆಯೊಳಗಿನ ಗಾಳಿ ತೆಗೆಯುವುದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಬೀದರಿನ ಸರ್ಕಾರಿ ಮೋಟಾರ್ ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ಮನೆಗೆ ಬಂದು ಕೂತಿರುವ ನನಗೆ ಹಿಂದಿರುಗಿ ನೋಡಿದರೆ ಕಾಣುವುದು ಅದೇ ಕೆಲಸ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಬೇಕಾದವರು ಅಲ್ಲಿ ಓದಿಕೊಳ್ಳಬಹುದು. ಈಗ ಈ ಕೆಲಸಕ್ಕೆ ಬರುತ್ತಿರುವ ತಮ್ಮಂದಿರಿಗೆ ನಾನು ಹೇಳಬೇಕಾದದ್ದು ಒಂದು ಜೀಪು, ಒಂದು ಸ್ಟೋವು ಮತ್ತು ಒಬ್ಬ ಮುದುಕರ ಬಲಗಾಲಿನ ವಿಷಯ.

ಮೊದಲು ಬ್ರೇಕಿನ ಬಗ್ಗೆ ಎರಡು ಮಾತು. ಚಾಲಕ ಪೆಡಲ್ ತುಳಿದರೆ ಸಣ್ಣ ಕೊಳವೆಗಳಲ್ಲಿ ತುಂಬಿರುವ ಎಣ್ಣೆ ಆ ಒತ್ತಡವನ್ನು ನಾಲ್ಕೂ ಗಾಲಿಗಳಿಗೆ ಮುಟ್ಟಿಸುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯೊಳಗೆ ಒಂದಿಷ್ಟು ಗಾಳಿ ಸೇರಿದರೂ ಸಾಕು, ಪೆಡಲ್ ನೆನೆಸಿದ ಹತ್ತಿಯ ಹಾಗೆ ಮೆತ್ತಗಾಗಿ, ಗಾಡಿ ತನಗೆ ಮನಸ್ಸು ಬಂದಲ್ಲಿ ನಿಲ್ಲುತ್ತದೆ. ಆ ಗಾಳಿಯನ್ನು ಹೊರಹಾಕಲು ಆಗೆಲ್ಲ ಇಬ್ಬರು ಬೇಕಿತ್ತು. ಒಬ್ಬ ಸೀಟಿನ ಮೇಲೆ ಕೂತು ಪೆಡಲ್ ತುಳಿಯಬೇಕು. ಇನ್ನೊಬ್ಬ ಕೆಳಗೆ ಮಲಗಿ, ಗಾಲಿಯ ಹಿಂದಿರುವ ಸಣ್ಣ ತಿರುಪನ್ನು ಪಾನಾದಿಂದ ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಹೊರಬರುವ ಎಣ್ಣೆಯನ್ನು ನೋಡುತ್ತ ಮತ್ತೆ ಬಿಗಿಯಬೇಕು. ಪುಸ್ತಕದಲ್ಲಿ ಸ್ಪ್ಯಾನರ್ ಎಂದು ಬರೆಯುವುದಕ್ಕೆ ನಮ್ಮ ಶೆಡ್ಡಿನಲ್ಲಿ ಪಾನಾ ಎನ್ನುತ್ತಿದ್ದೆವು. ಕೆಳಗಿನವನು ತಿರುಪು ಬಿಗಿಯುವ ಮೊದಲೇ ಮೇಲಿನವನು ಕಾಲೆತ್ತಿದನೋ, ಬಸ್ಸು ತಪ್ಪಿದ ನೆಂಟರಂತೆ ಹೋದ ಗಾಳಿ ತಿರುಗಿ ಬಂದು ಒಳಗೆ ಕೂತುಬಿಡುತ್ತದೆ.

ನಮ್ಮ ಶೆಡ್ಡಿನಲ್ಲಿ ಸೀಟಿನ ಮೇಲೆ ಖಾದರ್ ಚಾಚಾ, ಕೆಳಗೆ ನಾನು.

"ದಬಾವ್!" ಎಂದು ನಾನು ಕೂಗುತ್ತಿದ್ದೆ. ಒತ್ತು ಎಂದರ್ಥ.

"ದಬಾಯಾ."

"ಪಕ್ಡೋ!" ಹಿಡಿದುಕೊ.

"ಪಕ್ಡಾ ಬೇಟಾ, ಪಕ್ಡಾ."

"ಛೋಡೋ!" ಬಿಡು.

ನಿಜಾಮರ ಕಾಲದಿಂದ ಬಂದ ಈ ಮೂರು ಮಾತಿನಲ್ಲೇ ಜಿಲ್ಲೆಯ ಸರ್ಕಾರಿ ಗಾಡಿಗಳೆಲ್ಲ ನಿಲ್ಲುತ್ತಿದ್ದವು. ನನ್ನ ಅಪ್ಪನಿಗಿಂತ ಹಿರಿಯರಿಗೆ 'ದಬಾವ್' ಎಂದು ಹುಕುಂ ಮಾಡಲು ಮೊದಮೊದಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಚಾಚಾ ಒಂದು ದಿನ ಬಗ್ಗಿ, ಗಾಡಿಯ ಕೆಳಗಿದ್ದ ನನ್ನನ್ನು ನೋಡಿ ಹೇಳಿದರು: "ನೋಡು ಮಾಣಿಕ, ಗಾಡಿ ಕೆಳಗ ಹೋದ ಮ್ಯಾಲ ನೀನೇ ಉಸ್ತಾದ. ಹೊರಗ ಬಂದಿ ಅಂದ್ರ ನಾನು. ಕೆಳಗ ಇದ್ದಾಗ ಅದಬ್ ಗಿದಬ್ ಮಾಡಿದಿ ಅಂದ್ರ, ಗಾಡಿ ಕಮಾನಿಗಿ ಹೋಗಿ ಬಡೀತದ."

ಅದಬ್ ಎಂದರೆ ಮರ್ಯಾದೆ, ಕಮಾನು ಎಂದರೆ ನಮ್ಮ ಊರಿನ ಕೋಟೆಯ ಬಾಗಿಲು. ಒಂದು ಸಲ ಹಾಗೆ ಬಡಿದೂ ಇತ್ತು. ಕೋಟೆಗೆ ಏನೂ ಆಗಲಿಲ್ಲ.

ನನಗೆ ಮಾತು ಕಲಿಸಿದವರೂ ಚಾಚಾ ಅವರೇ. ಪೆಡಲ್ ಹಿಡಿದು ಕೂತಾಗ ಅವರ ಕಾಲಿಗೆ ಕೆಲಸ, ಬಾಯಿಗೆ ಬಿಡುವು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾವ ತಹಶೀಲ್ದಾರನ ಕುದುರೆ ಯಾರ ಜೋಳ ತಿಂದಿತು ಎಂಬುದೆಲ್ಲ ಮೇಲಿನಿಂದ ಹರಿದು ಬರುತ್ತಿತ್ತು. ಆರು ವರ್ಷ ನಾನು ಅವರ ಮಾತು ಕೇಳಿದೆ. ನೋಡಿದ್ದು ಮಾತ್ರ ಹೆಚ್ಚಾಗಿ ಅವರ ಬಲಗಾಲಿನ ಜೋಡು.

ಆಮೇಲೆ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಯಾರು ಯಾವ ರಾಜ್ಯಕ್ಕೆ ಎಂದು ನೌಕರರ ಪಟ್ಟಿಗಳು ಬಂದವು. ಚಾಚಾ ಅವರ ದಾಖಲೆ ಮೊದಲಿನಿಂದಲೂ ಹೈದರಾಬಾದಿನ ದೊಡ್ಡ ಕಚೇರಿಯಲ್ಲೇ ಇದ್ದುದರಿಂದ ಅವರ ಹೆಸರು ಆಂಧ್ರದ ಪಟ್ಟಿಯಲ್ಲಿ ಬಂತು. ಹಂಗಾಮಿ ನೌಕರನಾಗಿದ್ದ ನನ್ನ ಹೆಸರು ಮೈಸೂರಿನ ಪಟ್ಟಿಯ ಕಟ್ಟಕಡೆಯಲ್ಲಿತ್ತು.

ಚಾಚಾ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡು ಹೇಳಿದರು: "ಏನ್ ಹಂಚ್ಯಾರೋ ಇವ್ರು! ಪೆಡಲ್ ಆಂಧ್ರಕ್ಕ, ಪಾನಾ ಮೈಸೂರಿಗಿ. ಇನ್ನ ಗಾಡಿ ನಿಂದ್ರೋದು ಎಲ್ಲಿ? ಸರಹದ್ದಿನ ಮ್ಯಾಲೇನು?"

ಹೊರಡುವ ದಿನ ನನ್ನ ಕೈಯಲ್ಲಿ ಒಂದು ತಂಬಾಕಿನ ಡಬ್ಬಿ ಇಟ್ಟರು. "ನನ್ನ ಪಾವ್, ಈ ಕಾಲು, ಕೊಟ್ಟು ಹೋಗ್ಲಿಕ್ಕ ಬರಂಗಿಲ್ಲ, ಇದು ಇಟ್ಕೋ. ಈಗ ತೆಗೀಬ್ಯಾಡ. ನಿಂದು ಒಂದು ಭಾರಿ ಗಲ್ತಿ ಆಗ್ತದ, ಆವಾಗ ತೆಗಿ."

"ಗಲ್ತಿ ಆಗ್ತದಂತ ನಿಮಗ ಹ್ಯಾಂಗ ಗೊತ್ರಿ ಚಾಚಾ?"

"ನಾನೇ ಕಲಿಸೀನಲ್ಲೋ!" ಎಂದು ನಗುತ್ತ ಬಸ್ಸು ಹತ್ತಿದರು. ಕಿಟಕಿಯಲ್ಲಿ ಮುಖ ಕಂಡಾಗ ನಗು ಇರಲಿಲ್ಲ.

ಕೆಲವು ತಿಂಗಳ ಮೇಲೆ ಹೊಸ ಸಾಹೇಬರು ಬಂದರು. ಕೇಶವಯ್ಯನವರು, ಮೈಸೂರು ಕಡೆಯ ಎಂಜಿನಿಯರು. ತೆಳ್ಳಗೆ, ಮೆತ್ತನೆಯ ಮಾತು. ಎಲ್ಲಿಗೆ ಹೊರಟರೂ ಕೈಯಲ್ಲಿ ಮೊಸರನ್ನದ ಡಬ್ಬಿ ಇರಲೇಬೇಕು. ಮೊದಲ ದಿನ ಜೀಪು ಹತ್ತಿದವರು ಕಾಲಡಿಯಲ್ಲಿದ್ದ ದೊಡ್ಡ ಕಲ್ಲನ್ನು ನೋಡಿದರು.

"ಈ ಕಲ್ಲು ಯಾಕಪ್ಪಾ ಗಾಡೀಲಿ?"

ಡ್ರೈವರ್ ತುಕಾರಾಮ ವಿನಯದಿಂದ ಹೇಳಿದ: "ಎರಡನೇ ಬ್ರೇಕ್ ರೀ ಸಾಹೇಬರ. ಇಳಿಜಾರಿನಾಗ ಜಿಗಿದು ಗಾಲಿಗಿ ಇಡ್ಲಿಕ್ಕ."

"ಹಾಗಾದ್ರೆ ಮೊದಲನೇ ಬ್ರೇಕು?"

"ಅದು ಇದ್ದಿದ್ರ ಇದು ಯಾಕ ಬೇಕಿತ್ರಿ?"

ಸಾಹೇಬರು ಕೆಳಗಿಳಿದು ನನ್ನನ್ನು ಕರೆದರು. ಗುಲ್ಬರ್ಗಾದ ದೊಡ್ಡ ಕಚೇರಿಯಿಂದ ಕಾಗದ ಬಂದಿದೆ ಎಂದರು. ಒಬ್ಬನೇ ಮೆಕ್ಯಾನಿಕ್ ಇರುವ ಶೆಡ್ಡು ನಡೆಯಲಾರದು, ಬೀದರಿನದನ್ನು ಮುಚ್ಚಿ ಗಾಡಿಗಳನ್ನು ಗುಲ್ಬರ್ಗಾಕ್ಕೆ ಕಳಿಸಿ ಎಂಬ ಕಾಗದ. ಅದಕ್ಕೆ ಅವರು ವರದಿ ಬರೆಯಬೇಕು.

"ಸೋಮವಾರದಿಂದ ನಾನು ಭಾಲ್ಕಿ, ಔರಾದ್ ಎರಡೂ ತಾಲೂಕು ಸುತ್ತಬೇಕು. ಅಷ್ಟರಲ್ಲಿ ಈ ಬ್ರೇಕ್ ಸರಿ ಮಾಡಿದ್ರೆ, ಒಬ್ಬನಿಂದ ಶೆಡ್ಡು ನಡೆಯುತ್ತೆ ಅಂತ ಬರೀತೀನಿ. ಆಗದಿದ್ರೆ ನಾನು ಸುಳ್ಳು ಬರೆಯೋಕಾಗಲ್ಲ, ಮಾಣಿಕ."

ಅಂದು ಗುರುವಾರ. ಗುಲ್ಬರ್ಗಾದಲ್ಲಿ ಅವರದೇ ಮೆಕ್ಯಾನಿಕ್‌ಗಳು ಸಾಕಷ್ಟಿದ್ದರು. ಶೆಡ್ಡು ಮುಚ್ಚಿದರೆ ಹಂಗಾಮಿಯಾದ ನಾನು ಯಾವ ರಾಜ್ಯದ ಪಟ್ಟಿಯಲ್ಲೂ ಇರುವಂತಿರಲಿಲ್ಲ.

ತುಕಾರಾಮನನ್ನು ಸೀಟಿನ ಮೇಲೆ ಕೂರಿಸಿದೆ. ಬ್ರೇಕಿಲ್ಲದ ಗಾಡಿ ಓಡಿಸಿ ಓಡಿಸಿ ಆ ಕಾಲಿಗೆ ಒಂದು ಚಟ ಅಂಟಿಕೊಂಡಿತ್ತು. ಪೆಡಲ್ ಸಿಕ್ಕಿದರೆ ಸಾಕು, ಟಕಟಕಟಕ ಎಂದು ನಾಲ್ಕು ಸಲ ತುಳಿಯುತ್ತಿತ್ತು. 'ಪಕ್ಡೋ' ಎಂದರೆ ಬಾಯಲ್ಲಿ 'ಹಿಡದೀನಿ' ಎನ್ನುವನು, ಕಾಲು ಮಾತ್ರ ಹೊಲಿಗೆ ಯಂತ್ರದ ಹಾಗೆ ಓಡುತ್ತಲೇ ಇರುವುದು.

"ನಿನ್ನ ಕಾಲಿಗಿ ಒಂದೀಟು ಬುದ್ಧಿ ಹೇಳೋ ಮಾರಾಯಾ!"

"ಕಾಲಿನ ಬುದ್ಧಿ ಮ್ಯಾಲೇ ಇಷ್ಟು ದಿವಸ ಬದುಕೀನಿ. ಈಗ ಅದು ನನ್ನ ಮಾತು ಎಲ್ಲಿ ಕೇಳ್ತದ?"

ನೋಡುತ್ತ ನಿಂತಿದ್ದ ಸಾಹೇಬರು ಕೋಟು ಕಳಚಿಟ್ಟು, "ಏಳಪ್ಪಾ, ನಾನು ಒತ್ತುತೀನಿ" ಎಂದು ಸೀಟಿನ ಮೇಲೆ ಕೂತೇಬಿಟ್ಟರು.

ನನ್ನ ಕಥೆ ಮುಗಿದದ್ದು ಅಲ್ಲಿ. ಚಾಚಾ ಹೇಳಿದ್ದ ಮಾತು ಗೊತ್ತಿತ್ತು, ಗಾಡಿಯ ಕೆಳಗೆ ಅದಬು ಇರಬಾರದು. ಆದರೆ ಮೈಸೂರಿನಿಂದ ಬಂದ ಎಂಜಿನಿಯರರಿಗೆ, ನನ್ನ ಅನ್ನದ ವರದಿ ಬರೆಯುವವರಿಗೆ, 'ದಬಾವ್' ಎಂದು ಹ್ಯಾಗೆ ಕೂಗಲಿ? ತಿರುಪು ಸಡಿಲಿಸಿ, "ಸಾಹೇಬರ, ತಮ್ಮ ಮನಸ್ಸಿಗಿ ಬಂದ್ರ ಈಗ ಜರಾ ಒತ್ತಬೇಕ್ರಿ" ಎಂದೆ. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರು ಒತ್ತಿ, ಬಿಟ್ಟು, ಇನ್ನೊಮ್ಮೆ ಒತ್ತಿದ್ದರು. "ಈಗ ಹಾಗೇ ಹಿಡಕೊಂಡು ಇರೂ ಕೃಪಾ ಮಾಡಬೇಕ್ರಿ" ಎನ್ನುವಾಗ ಕಾಲೆತ್ತಿದ್ದರು. ಮಧ್ಯಾಹ್ನದವರೆಗೆ ನಮ್ಮ ಮರ್ಯಾದೆ ನಡೆಯಿತು. ಇದ್ದ ಎಣ್ಣೆ ಅರ್ಧ ನೆಲಕ್ಕೆ ಹೋಯಿತು, ಬ್ರೇಕಿನೊಳಗೆ ಮೊದಲಿಗಿಂತ ಹೆಚ್ಚು ಗಾಳಿ ಸೇರಿತು.

ಸಾಹೇಬರು ಇಳಿದು ಮೊಣಕಾಲು ಉಜ್ಜಿಕೊಂಡರು. ಸಿಟ್ಟಾಗಲಿಲ್ಲ. "ನಮ್ಮ ಕಡೆ ಒಂದು ಗ್ಯಾರೇಜಲ್ಲಿ ನೋಡಿದ್ದೆ ಕಣಪ್ಪಾ. ಒಂದು ಡಬ್ಬಿ ತುಂಬ ಎಣ್ಣೆ, ಅದಕ್ಕೊಂದು ಪಂಪು. ಮೇಲಿನಿಂದ ಒತ್ತಡ ಕೊಟ್ಟುಬಿಟ್ರೆ ಪೆಡಲ್ ತುಳಿಯೋ ಕಾಲೇ ಬೇಡ. ಒಬ್ಬನೇ ನಾಲ್ಕೂ ಗಾಲಿ ಮುಗಿಸ್ತಾನೆ" ಎಂದು ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದರು.

ಮನೆಗೆ ಬಂದು ಊಟಕ್ಕೆ ಕೂತೆ. ಹೆಂಡತಿ ಕಸ್ತೂರಬಾಯಿ ಚಹಾ ಇಡಲೆಂದು ಹಿತ್ತಾಳೆಯ ಸ್ಟೋವಿಗೆ ಗಾಳಿ ಹಾಕುತ್ತಿದ್ದಳು. ಕೆಳಗೆ ಎಣ್ಣೆ ತುಂಬುವ ಹೊಟ್ಟೆ, ಪಕ್ಕದಲ್ಲಿ ಪಂಪು, ಗಾಳಿ ಬಿಡಲು ಸಣ್ಣ ತಿರುಪು. ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಏ, ಅದನ್ನ ಇಲ್ಲಿ ಕೊಡು."

"ಚಹಾ ಬ್ಯಾಡೇನ್ರಿ?"

"ಸ್ಟೋವ್ ಬೇಕು."

"ನನ್ನ ತವರುಮನಿಯವ್ರು ಕೊಟ್ಟದ್ದು ರೀ! ಅದರ ಮ್ಯಾಲ್ಯಾಕ ನಿಮ್ಮ ಕಣ್ಣು?"

"ಮೈಸೂರು ರಾಜ್ಯಕ್ಕ ಬೇಕಾಗ್ಯಾದ."

"ಮೈಸೂರು ರಾಜ್ಯದಾಗ ಒಲಿ ಇಲ್ಲೇನು?" ಎಂದಳು. ಶೆಡ್ಡು ಮುಚ್ಚುವ ವಿಷಯ ಹೇಳಿದ ಮೇಲೆ ಸ್ಟೋವನ್ನು ತಾನೇ ನನ್ನ ಮುಂದೆ ತಂದಿಟ್ಟಳು. "ತಿರುಗಿ ಬರ್ತದಲ್ರಿ?" ಎಂದು ಮಾತ್ರ ಕೇಳಿದಳು. ನಾನು ಹೌದು ಎಂದೆ.

ಮರುದಿನ ಸ್ಟೋವಿನ ತಲೆ ತೆಗೆದು ಅಲ್ಲಿ ರಬ್ಬರ್ ನಳಿಕೆ ಸಿಕ್ಕಿಸಿದೆ. ನಳಿಕೆಯ ಇನ್ನೊಂದು ತುದಿ ಬ್ರೇಕ್ ಎಣ್ಣೆಯ ಬಟ್ಟಲಿನ ಮುಚ್ಚಳಕ್ಕೆ ಕೂಡಬೇಕಿತ್ತು. ಆ ಮುಚ್ಚಳಕ್ಕೆ ಸಣ್ಣ ಕೊಳವೆ ಬೆಸೆದುಕೊಟ್ಟವನು ನಮ್ಮ ಓಣಿಯ ಹುಸೇನಸಾಬ್, ಬಿದರಿ ಹೂಜಿ, ತಟ್ಟೆಗಳ ಮೇಲೆ ಬೆಳ್ಳಿಯ ಬಳ್ಳಿ ಕೂರಿಸುವ ಕುಶಲಕರ್ಮಿ. ಮುಚ್ಚಳ ವಾಪಸು ಕೊಟ್ಟಾಗ ಅದರ ಮೇಲೊಂದು ಹೂವು ಕೆತ್ತಿತ್ತು.

"ಹೂವು ಯಾಕ್ರಿ ಹುಸೇನಸಾಬ್? ಇದು ಗಾಡಿ ಕೆಳಗ ಇರೂದು."

"ಖಾಲಿ ಹ್ಯಾಂಗ ಕೊಡ್ಲಿ? ನಾಳಿ ಯಾರರ ನೋಡಿ, ಇದು ಹುಸೇನನ ಕೈಕೆಲಸ ಅಲ್ಲ ಅಂದ್ರ?"

ಶನಿವಾರ ಬೆಳಿಗ್ಗೆ ಜೀಪನ್ನು ನಮ್ಮ ಮನೆಯ ಮುಂದೆಯೇ ತಂದು ನಿಲ್ಲಿಸಿದೆ. ಶೆಡ್ಡಿನಲ್ಲಿ ಎಲ್ಲರ ಎದುರು ಸೋಲುವುದಕ್ಕಿಂತ ಮನೆಯಲ್ಲಿ ಸೋಲುವುದು ವಾಸಿ ಎನಿಸಿತ್ತು. ಸ್ಟೋವಿನ ಹೊಟ್ಟೆಯನ್ನು ಚೆನ್ನಾಗಿ ತೊಳೆದು, ಬ್ರೇಕ್ ಎಣ್ಣೆ ತುಂಬಿ, ಮುಚ್ಚಳ ಬಿಗಿದು ಗಾಳಿ ಹಾಕಿದೆ. ದೂರದ ಗಾಲಿಯಿಂದ ಶುರುಮಾಡಿ ಒಂದೊಂದೇ ತಿರುಪು ಸಡಿಲಿಸಿದೆ. ಗುಳ್ಳೆಗಳು ಪುಸುಪುಸು ಎಂದು ಬಂದವು, ಆಮೇಲೆ ಕಡಿಮೆಯಾದವು, ಆಮೇಲೆ ದಾರದಂತೆ ಬರೀ ಎಣ್ಣೆ. ಮೇಲೆ ಸೀಟು ಖಾಲಿ. ಯಾರನ್ನೂ ಕೂಗಬೇಕಾಗಿರಲಿಲ್ಲ. ಅಭ್ಯಾಸಬಲದಿಂದ ಎರಡು ಸಲ 'ಪಕ್ಡೋ' ಎಂದೆ. ಪಕ್ಕದ ಮನೆಯ ಮುದುಕಿ ಬಗ್ಗಿ ನೋಡಿ, "ಯಾರಿಗೋ ಮಾಣಿಕ?" ಎಂದಳು.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಸಂತೋಷದಲ್ಲಿ ಸ್ಟೋವಿನ ಗಾಳಿ ಬಿಡುವುದನ್ನು ಮರೆತು ಮುಚ್ಚಳ ತೆಗೆದೆ. ಎಣ್ಣೆ ಕಾರಂಜಿಯಾಗಿ ಚಿಮ್ಮಿ, ಹಗ್ಗದ ಮೇಲೆ ಒಣಗಲು ಹಾಕಿದ್ದ ಕಸ್ತೂರಬಾಯಿಯ ಇಳಕಲ್ ಸೀರೆಯ ಮೇಲೆ ಬಿತ್ತು. ತಮ್ಮಂದಿರಾ, ಮೊದಲು ಗಾಳಿ, ಆಮೇಲೆ ಮುಚ್ಚಳ. ಅಂದು ನನಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತುಕಾರಾಮ ಜೀಪು ಒಯ್ಯಲು ಬಂದ. ಎಂಜಿನ್ ಶುರುವಾಯಿತು, ಗಾಡಿ ಜಪ್ಪಯ್ಯ ಎನ್ನಲಿಲ್ಲ. ನಾಲ್ಕೂ ಗಾಲಿ ಹಿಡಿದುಕೊಂಡಿದ್ದವು.

"ಮಾಣಿಕಣ್ಣ, ನಿಂದ್ರಲಿ ಅಂದ್ರ ಇಷ್ಟು ನಿಂದ್ರಬೇಕೇನೋ? ಇದು ಹೋಗಲಿಕ್ಕೇ ತಯಾರಿಲ್ಲ. ಇನ್ನ ಕಲ್ಲು ತೆಗದು ಎತ್ತು ಇಟ್ಕೋಬೇಕು!"

ಗಾಲಿ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಟ್ಟಲುಗಳು ನೀರಲ್ಲಿ ನೆನೆದ ಕಡಲೆಯಂತೆ ಉಬ್ಬಿ, ಬಂದ ದಾರಿಯಲ್ಲಿ ಎಣ್ಣೆ ಹಿಂದಿರುಗದಂತೆ ಅಡ್ಡ ಕೂತಿದ್ದವು. ಯಾಕೆ ಎಂದು ತಿಳಿಯಲಿಲ್ಲ. ಕಸ್ತೂರಬಾಯಿ ಬಂದು ಸ್ಟೋವನ್ನು ಎತ್ತಿ ಮೂಸಿದಳು. ಹಿಂದಿನ ದಿನದ ನಂತರ ಅವಳು ಆಡಿದ ಮೊದಲ ಮಾತು ಇದು:

"ಇದನ್ನ ಯಾವುದರಲೆ ತೊಳದೀರಿ?"

"ಚಿಮಣಿ ಎಣ್ಣಿಲೆ. ಸ್ವಚ್ಛ ತೊಳದೀನಿ."

"ಚಿಮಣಿ ಎಣ್ಣಿ ಹೋಗ್ಲಿ ಅಂತ ಚಿಮಣಿ ಎಣ್ಣಿಲೆ ತೊಳದೀರಿ?"

ತುಕಾರಾಮ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಬೆನ್ನು ನಗುತ್ತಿತ್ತು. ಆದರೆ ಅದು ನಮ್ಮ ಕಸುಬಿನ ಇಡೀ ಜಾತಿಯ ತಪ್ಪು. ಕೈ ತೊಳೆಯುವುದು ಸೀಮೆಎಣ್ಣೆಯಲ್ಲಿ, ಪಾನಾ ತೊಳೆಯುವುದು ಸೀಮೆಎಣ್ಣೆಯಲ್ಲಿ, ಎಂಜಿನ್ ತೊಳೆಯುವುದೂ ಅದರಲ್ಲೇ. ನಮಗೆ ಅದು ಗಂಗೆ. ಬ್ರೇಕಿನ ರಬ್ಬರಿಗೆ ಅದು ವಿಷ ಎಂಬುದು ಆ ದಿನದವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಹೊಸ ರಬ್ಬರು ಬೀದರಿನಲ್ಲಿ ಸಿಗುತ್ತಿರಲಿಲ್ಲ. ಹೈದರಾಬಾದಿನಿಂದ ಬರುತ್ತಿದ್ದ ಸಾಮಾನು ರಾಜ್ಯ ಬೇರೆಯಾದಾಗಲೇ ನಿಂತಿತ್ತು. ಜಗಲಿಯ ಮೇಲೆ ಕೂತು ತಲೆ ಹಿಡಿದುಕೊಂಡೆ. ಆಗ ತಂಬಾಕಿನ ಡಬ್ಬಿ ನೆನಪಾಯಿತು. ತೆಗೆದರೆ, ಮೇಣದ ಕಾಗದದಲ್ಲಿ ಸುತ್ತಿಟ್ಟ ಒಂದು ಜೀಪಿನ ಬ್ರೇಕಿನ ಪೂರಾ ರಬ್ಬರುಗಳು. ನನ್ನ ತಪ್ಪು ಯಾವ ಅಳತೆಯದಾಗಿರುತ್ತದೆ ಎಂಬುದೂ ಚಾಚಾಗೆ ಗೊತ್ತಿತ್ತೇನೋ.

ಸ್ಟೋವನ್ನು ಈ ಸಲ ಕಸ್ತೂರಬಾಯಿ ತೊಳೆದಳು. ಬೂದಿ, ಬಿಸಿನೀರು, ಸೀಗೆಕಾಯಿ, ಮತ್ತೆ ಬಿಸಿನೀರು. ಬಿಸಿಲಿಗೆ ಒಣಗಿಸಿ, ಮೂಸಿ, ತಲೆ ಅಲ್ಲಾಡಿಸಿ, ಮತ್ತೆ ತೊಳೆದಳು. ಅವಳ ಮೂಗು ಒಪ್ಪಿದ ಮೇಲೆ, ಡಬ್ಬಿಯಲ್ಲಿ ಉಳಿದಿದ್ದ ಬ್ರೇಕ್ ಎಣ್ಣೆಯಲ್ಲೇ ಸ್ವಲ್ಪ ಹಾಕಿ ಜಾಲಾಡಿಸಿ ಚೆಲ್ಲಿದೆ. ಕೊಳವೆಗಳನ್ನೂ ಹಾಗೆಯೇ ತೊಳೆದು, ಹೊಸ ರಬ್ಬರು ಕೂರಿಸಿ, ನಾಲ್ಕೂ ಗಾಲಿಯ ಗಾಳಿ ತೆಗೆದೆ. ಹೊತ್ತು ಮುಳುಗುವಷ್ಟರಲ್ಲಿ ಗಾಡಿ ಹೋಗುತ್ತಿತ್ತು, ನಿಲ್ಲುತ್ತಿತ್ತು. ಎರಡೂ ಒಂದೇ ದಿನ ಆದದ್ದು ಬಹಳ ಕಾಲದ ಮೇಲೆ.

ಸೋಮವಾರ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡ ಸಾಹೇಬರು. ಭಾಲ್ಕಿ ಮುಗಿಸಿ ಖಟಕ ಚಿಂಚೋಳಿಯ ಕಡೆ ಹೋಗುವಾಗ ಒಂದು ಇಳಿಜಾರಿನಲ್ಲಿ ನಾಲ್ಕು ಎಮ್ಮೆಗಳು ರಸ್ತೆಗೆ ಅಡ್ಡ ಬಂದು ನಿಂತವು. ತುಕಾರಾಮನ ಕಾಲು ಹಳೆಯ ಚಟದಂತೆ ಪೂರಾ ಜೋರಿನಲ್ಲಿ ಪೆಡಲ್ ತುಳಿಯಿತು. ಎರಡನೇ ತುಳಿತಕ್ಕೆ ಅವಕಾಶವೇ ಇರಲಿಲ್ಲ. ಜೀಪು ನೆಟ್ಟ ಹಾಗೆ ನಿಂತಿತು. ಸಾಹೇಬರ ಡಬ್ಬಿ ಹಾರಿ ಗಾಜಿಗೆ ಬಡಿದು ಬಾಯಿ ಬಿಟ್ಟಿತು. ತುಕಾರಾಮನ ಮೀಸೆಯಿಂದ ಮೊಸರು ತೊಟ್ಟಿಕ್ಕುತ್ತಿತ್ತು. ಎಮ್ಮೆಗಳು ನಮ್ಮನ್ನು ನೋಡಿದವು. ನಾವೂ ನೋಡಿದೆವು.

ಸಾಹೇಬರು ಹಣೆಯ ಮೇಲಿನ ಅನ್ನದ ಅಗುಳು ತೆಗೆದು ಹೇಳಿದರು: "ಹಿಡಿಯುತ್ತೆ."

ಮರುದಿನ ಔರಾದ್, ಎಕಂಬಾ, ಡಾಬಕಾ. ಡಾಬಕಾದಲ್ಲಿ ತುಕಾರಾಮ ಕಲ್ಲನ್ನು ಇಳಿಸಿ ರಸ್ತೆಯ ಬದಿಗೆ ಇಟ್ಟ. ನಾವು ಹತ್ತಿ ಕೂತೆವು. ಹತ್ತು ಮಾರು ಹೋದವನು ಗಾಡಿ ನಿಲ್ಲಿಸಿ, ಓಡಿಹೋಗಿ ಕಲ್ಲನ್ನು ಎತ್ತಿಕೊಂಡು ಬಂದ. "ಬ್ರೇಕಿನ ಮ್ಯಾಲ ಭರೋಸಾ ಅದ ರೀ. ಆದ್ರ ಇದೂ ಭಾಳ ದಿವಸ ಸಾಥ್ ಕೊಟ್ಟದ" ಎಂದ.

ವರದಿ ಹೋಯಿತು. ಒಬ್ಬನಿಂದ ಶೆಡ್ಡು ನಡೆಯುತ್ತದೆ ಎಂದು ಸಾಹೇಬರು ಬರೆದಿದ್ದರು. ಶೆಡ್ಡು ಉಳಿಯಿತು, ನಾನೂ ಉಳಿದೆ. ಸ್ಟೋವು ಮಾತ್ರ ತಿರುಗಿ ಅಡುಗೆಮನೆಗೆ ಹೋಗಲಿಲ್ಲ. ನನ್ನ ಮಾತು ಸುಳ್ಳಾಯಿತೆಂದು ಕಸ್ತೂರಬಾಯಿ ಇಂದಿಗೂ ಬಂದವರ ಎದುರಿಗೆಲ್ಲ ಹೇಳುತ್ತಾಳೆ.

ಮುಂದಿನ ವರ್ಷ ಖಾದರ್ ಚಾಚಾ ಮಗಳ ಮನೆಗೆಂದು ಬೀದರಿಗೆ ಬಂದರು. ಸುದ್ದಿ ಸಿಕ್ಕಿದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ, ಸ್ಟೋವಿನ ಮೇಲೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ್ದು. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಚಾಚಾ ಕೋಲು ಊರಿಕೊಂಡು ಶೆಡ್ಡಿನೊಳಗೆ ಬಂದರು. ಬಹಳ ಸೊರಗಿದ್ದರು. "ಯಾರೋ ನಿನಗ ಪೆಡಲ್ ತುಳಿಯೋರು ಈಗ?" ಎಂದರು.

"ಯಾರೂ ಸಿಕ್ಕಿಲ್ರಿ ಚಾಚಾ. ಛಲೋ ಆತು ಬಂದ್ರಿ. ಜರಾ ಕೂಡ್ರಿ."

ಅವರು ಸೀಟು ಹತ್ತಿದರು, ನಾನು ಕೆಳಗೆ ಹೋದೆ. ಅದೇ ಜೋಡು, ಹೊಸ ತೇಪೆ.

"ದಬಾವ್!"

"ದಬಾಯಾ ಬೇಟಾ."

ಆಗಲೇ ಕೇಶವಯ್ಯನವರು ಬಂದರು. "ಏನಪ್ಪಾ ಇದು, ಒಬ್ಬನಿಂದಲೇ ಆಗುತ್ತೆ ಅಂತ ನಾನು ಬರೆದು..." ಎಂದವರು, ಸೀಟಿನ ಮೇಲಿದ್ದ ಮುದುಕರನ್ನು ನೋಡಿದರು, ಮೂಲೆಯ ಗೋಣಿಚೀಲವನ್ನು ನೋಡಿದರು. ಚೀಲದ ಅಂಚಿನಲ್ಲಿ, ನಳಿಕೆಯ ತುದಿಯ ಮುಚ್ಚಳದ ಮೇಲೆ, ಹುಸೇನಸಾಬನ ಹೂವು ಹೊಳೆಯುತ್ತಿತ್ತು. ಕಾಲಿನಿಂದ ಚೀಲವನ್ನು ಸ್ವಲ್ಪ ಎಳೆದು ಅದನ್ನು ಮುಚ್ಚಿದರು. "ಆ ಯಂತ್ರ ಕೆಟ್ಟುಹೋಗಿದೆ ಯಜಮಾನರೇ. ನೀವು ಬಂದದ್ದು ಒಳ್ಳೇದಾಯ್ತು" ಎಂದು ಹೊರಟುಹೋದರು.

ನಾಲ್ಕೂ ಗಾಲಿ ಮುಗಿಸಿದೆವು. ಆ ತಹಶೀಲ್ದಾರನ ಕುದುರೆ ಮತ್ತೊಮ್ಮೆ ಜೋಳ ತಿಂದಿತು. ಚಹಾ ಕುಡಿದು ಎದ್ದ ಚಾಚಾ ಬಾಗಿಲ ಹತ್ತಿರ ನಿಂತು ಹೇಳಿದರು:

"ಮಾಣಿಕ, ಎಣ್ಣಿಯಾಗ ಹವಾ ಇದ್ದಿದ್ದೇ ಇಲ್ಲೋ. ಮೊದಲ್ನೇ ದಬಾವ್‌ಗೇ ನನ್ನ ಪಾವ್‌ಗೆ ತಿಳೀತು."

ನನಗೆ ನಾಚಿಕೆಯಾಯಿತು. "ಮತ್ತ ಅಷ್ಟು ಹೊತ್ತು ಯಾಕ ಒತ್ತಿದ್ರಿ ಚಾಚಾ?"

"ನೀ ಕೆಳಗಿದ್ದಿ ಅಲ್ಲ," ಎಂದರು ಅವರು. "ಗಾಡಿ ಕೆಳಗ ಇರೋತನಕ ನೀನೇ ಉಸ್ತಾದ. ನೀ 'ಛೋಡೋ' ಅನ್ನಬೇಕಲ್ಲ ಬೇಟಾ, ಅಂದ್ರ ತಾನೇ ನಾ ಬಿಡೋದು."